ದೋಣಿಗೆ ಹೂಡಿದ ಎತ್ತು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಸ್ಟೇರಿಂಗ್ ಹಿಡಿಯಲು ಬರುವುದಿಲ್ಲ. ಜೀವಮಾನದಲ್ಲಿ ನಾನು ನಡೆಸಿದ ಅತಿ ದೊಡ್ಡ ವಾಹನಕ್ಕೆ ಎಂಟು ಕಾಲು, ಎರಡು ಗಾಲಿ ಮತ್ತು ಎರಡು ಬಾಲ ಇದ್ದವು. ಆದರೂ ಈ ಸಲದ ಎಳ್ಳ ಅಮಾವಾಸ್ಯೆ ಮುಗಿದಂದಿನಿಂದ ಶಹಾಬಜಾರದ ನಮ್ಮ ಓಣಿಯಲ್ಲಿ ಯಾರು ಗಾಡಿ ಕೊಳ್ಳಲು ಹೊರಟರೂ ಮೊದಲು ನಮ್ಮ ಕಟ್ಟೆಗೆ ಬಂದು, "ಮುತ್ಯಾ, ನೀವೇನಂತೀರಿ?" ಎಂದು ಕೇಳುತ್ತಾರೆ. ನಾನೂ ಕೆಮ್ಮಿ, ರುಮಾಲು ಸರಿ ಮಾಡಿಕೊಂಡು, ಏನೋ ಒಂದು ಹೇಳುತ್ತೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಪದವಿ ಇನ್ನೇನು ಸಿಕ್ಕೀತು? ಅದು ಹೇಗೆ ಸಿಕ್ಕಿತು ಎಂದು ಹೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಸ್ವಲ್ಪ ಕೂಡ್ರಿ.

ಎಲ್ಲಕ್ಕೂ ಕಾರಣ ನನ್ನ ಮೊಮ್ಮಗಳು ಅಂಬಿಕಾ. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಎಂಬ ಶಬ್ದ ಕೂಡ ನಮ್ಮ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲಬೇಕು. ಅಂಥ ಮನೆಯಲ್ಲಿ ಹುಟ್ಟಿದ ಹುಡುಗಿ ಕಾಲೇಜಿಗೆ ಹೋಗಿ ಮೀನಿನ ಓದು ಓದಿ ಬಂದಳು. ಓದುವಷ್ಟು ವರ್ಷವೂ ನನ್ನ ಹೆಂಡತಿ ನೀಲಮ್ಮ ನೆರೆಹೊರೆಯವರಿಗೆ, "ನಮ್ಮ ಅಂಬೂ ನೀರಿನ ಓದು ಓದ್ಲಾಕತ್ತಾಳ" ಎಂದು ಹೇಳಿಕೊಂಡು ಬಂದಳು. ಅದು ಸುಳ್ಳೂ ಅಲ್ಲ. ಮೀನು ಇರುವುದು ನೀರಿನಲ್ಲಿಯೇ ತಾನೆ. ಆದರೆ ಓದು ಮುಗಿದ ಮೇಲೆ ಅಂಬಿಕಾ ಸುಮ್ಮನಿರಲಿಲ್ಲ. ನಮ್ಮ ಕಮಲಾಪುರದ ಹೊಲದ ಆಚೆ ಹಿನ್ನೀರು ಇದೆಯಲ್ಲ, ಅಲ್ಲಿ ಒಂದು ಕಡೆ, ಅಲ್ಲಿಂದ ತಾಸಿನ ದಾರಿಯ ಕೆರೆಯಲ್ಲಿ ಇನ್ನೊಂದು ಕಡೆ ಮೀನು ಸಾಕಲು ಪರವಾನಗಿ ತಂದಳು. ನೀರು ಎರಡಾದವು, ದೋಣಿ ಒಂದೇ. ಇವತ್ತು ಇಲ್ಲಿ, ನಾಳೆ ಅಲ್ಲಿ. ಅಂದರೆ ದೋಣಿಯನ್ನು ನೆಲದ ಮೇಲೆ ಎಳೆದುಕೊಂಡು ತಿರುಗಬೇಕು. ಟ್ರ್ಯಾಕ್ಟರಿನ ಹಿಂದೆ ಕಟ್ಟಿದರೆ ಹೋಗಿ ಬರುವುದರಲ್ಲಿಯೇ ಹೊತ್ತು ಮುಳುಗುತ್ತದೆ. ಜೋರಾಗಿ ಓಡುವ, ಜೋರಾಗಿ ಎಳೆಯುವ ಗಾಡಿಯೇ ಬೇಕು.

ಒಂದು ಸಂಜೆ ನನ್ನ ಪಕ್ಕದಲ್ಲಿ ಕೂತು, "ಮುತ್ಯಾ, ಗಾಡಿ ನೀನೇ ಆರಿಸಿ ಕೊಡಬೇಕು" ಎಂದಳು.

"ನಾನು? ನನಗೇನ ತಿಳೀತದವಾ ಅದರಾಗ?"

"ಕಮಲಾಪುರದಾಗ ಯಾರ ಮನಿಗಿ ಎತ್ತು ಬೇಕಾದ್ರೂ ನಿನ್ನ ಕರ್ಕೊಂಡೇ ಸಂತಿಗಿ ಹೋಗ್ತಿದ್ರಂತ. ಎಳಿಯೋದು ಎಳಿಯೋದೇ. ಎತ್ತಾದ್ರೇನು, ಎಂಜಿನ್ ಆದ್ರೇನು?"

ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ, ಆ ಸಂಜೆ ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಏಕೆಂದರೆ ಅವಳು ಹೇಳಿದ್ದು ನಿಜ. ಎತ್ತು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಎತ್ತನ್ನು ಮುಂದಿನಿಂದ ನೋಡುವವನು ಮದುಮಗ, ಹಿಂದಿನಿಂದ ನೋಡುವವನು ಒಕ್ಕಲಿಗ. ಕೊಂಬಿಗೆ ಎಣ್ಣೆ ಹಚ್ಚಿ, ಹಣೆಗೆ ಗೊಂಡೆ ಕಟ್ಟಿ ನಿಲ್ಲಿಸಿರುತ್ತಾರೆ. ಆ ಬೆಡಗಿಗೆ ಮರುಳಾಗದೆ ಹಿಂದೆ ಹೋಗಿ ತೊಡೆ ನೋಡಬೇಕು, ಗೊರಸು ನೋಡಬೇಕು, ಮೈಮೇಲಿನ ಸುಳಿ ಎಲ್ಲಿದೆ ನೋಡಬೇಕು. ಕಡೆಗೆ ಭಾರದ ಬಂಡಿಗೆ ಹೂಡಿ, ಅದು ಎಳೆಯುವಾಗ ನಾಲ್ಕೂ ಕಾಲು ಊರುತ್ತದೆಯೋ, ಇಲ್ಲ ಮುಂದಿನ ಕಾಲು ಮಾತ್ರ ಊರಿ ಹಿಂದಿನವನ್ನು ಅತ್ತೆಮನೆಗೆ ಬಂದ ಅಳಿಯನಂತೆ ಸುಮ್ಮನೆ ಇಟ್ಟುಕೊಳ್ಳುತ್ತದೆಯೋ, ಅದನ್ನು ನೋಡಬೇಕು.

ಆದರೆ ದೋಣಿಯ ವಿಷಯದಲ್ಲಿ ನಮ್ಮ ವಂಶದ ಅನುಭವ ಅಷ್ಟಕ್ಕಷ್ಟೆ. ನಮ್ಮಪ್ಪ ಒಮ್ಮೆ ಹರಗೋಲಿನಲ್ಲಿ ಭೀಮಾ ನದಿ ದಾಟಿದ್ದನಂತೆ. ಗುಂಡಗೆ ಬುಟ್ಟಿಯಂತಿರುವ ಅದು ತಿರುಗುತ್ತ ತಿರುಗುತ್ತ ಹೋದಾಗ, ಅವನು ಕಣ್ಣು ಮುಚ್ಚಿ, ಚಪ್ಪಲಿಯನ್ನು ಎದೆಗೆ ಅವಚಿಕೊಂಡು ಕೂತಿದ್ದನಂತೆ. ಜೀವ ಹೋದರೂ ಚಪ್ಪಲಿ ಉಳಿಯಲಿ ಎಂಬ ಲೆಕ್ಕ ಏನೋ. ಅಷ್ಟೇ ನಮ್ಮ ನೌಕಾ ಚರಿತ್ರೆ.

ಅಂಬಿಕಾಳ ದೋಣಿ ಲಾರಿಯ ಮೇಲೆ ಬಂದು ಕಪನೂರಿನಲ್ಲಿ ಇಳಿಯಿತು. ಅಲ್ಲಿ ರಶೀದ್ ಭಾಯಿಯ ವೆಲ್ಡಿಂಗ್ ಶೆಡ್ಡು. ದೋಣಿ ಹೊರುವ ಎರಡು ಗಾಲಿಯ ಬಂಡಿಯನ್ನು ಮಾಡಿಕೊಟ್ಟವನು ಅವನೇ. ಲಾರಿ ನಗರ ದಾಟುವಾಗ ನಾನು ಡ್ರೈವರಿನ ಪಕ್ಕ ಕೂತಿದ್ದೆ. ಕಾಳಿನ ಪೇಟೆ ಗಂಜಿನ ಹತ್ತಿರ ತೊಗರಿ ಚೀಲ ಹೊರುತ್ತಿದ್ದ ಹಮಾಲನೊಬ್ಬ ಚೀಲ ಬೆನ್ನ ಮೇಲೆ ಇದ್ದಂತೆಯೇ ನಿಂತು ಕೇಳಿದ: "ಯಜಮಾನ್ರ, ಎಲ್ಲಿ ನೆರಿ ಬಂದದ್ರೀ?" ಎಲ್ಲಿಯೂ ಬಂದಿಲ್ಲ ಎಂದೆ. "ಹಂಗಾರ ಎಲ್ಲಿ ಬರೋದದ?" ಎಂದ. ಅವನ ತಪ್ಪಿಲ್ಲ. ನಮ್ಮ ಬಿಸಿಲೂರಿನಲ್ಲಿ ದೋಣಿ ಕಂಡರೆ ಯಾರಿಗಾದರೂ ಆಕಾಶ ನೋಡುವ ಮನಸ್ಸಾಗುತ್ತದೆ.

ಬಂಡಿಯ ಅಚ್ಚು ಎಲ್ಲಿ ಬರಬೇಕು ಎಂಬ ಚರ್ಚೆಯಲ್ಲಿ ನನಗೆ ಮೊದಲ ಸಂತೋಷ ಕಾದಿತ್ತು. ಅಂಬಿಕಾ ಫೋನಿನಲ್ಲಿ ಗುಣಿಸಿ ಭಾಗಿಸಿ, ಭಾರ ಸ್ವಲ್ಪ ಮುಂದಕ್ಕೆ, ಕೊಂಡಿಯ ಕಡೆಗೆ ಇರಬೇಕು ಎಂದಳು. ತೀರಾ ಮುಂದೆ ಬಂದರೆ ಗಾಡಿಯ ಬೆನ್ನು ಕುಸಿಯುತ್ತದೆ, ಹಿಂದೆ ಹೋದರೆ ಬಾಲ ಅಲ್ಲಾಡಿಸುತ್ತದೆ. ನಾನು ಸುಮ್ಮನೆ ಬಂಡಿಯ ಮೂತಿಯನ್ನು ಕೈಯಿಂದ ಎತ್ತಿ ನೋಡಿದೆ. ನಮ್ಮ ಚಕ್ಕಡಿಗೆ ಹೊರೆ ಹೇರುವಾಗಲೂ ಇದೇ ಮಾತು: ಹಿಂಭಾರ ಆದರೆ ನೊಗ ಎತ್ತಿನ ಕೊರಳು ಹಿಚುಕುತ್ತದೆ, ಮುಂಭಾರ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಅವಳ ಲೆಕ್ಕವೂ ನನ್ನ ಕೈಯೂ ಒಂದೇ ಜಾಗಕ್ಕೆ ಬಂದು ನಿಂತವು. ಇಷ್ಟು ವರ್ಷ ಇವಳು ಯಾವುದೋ ಬೇರೆ ಲೋಕದ ಓದು ಓದಿದಳು ಎಂದುಕೊಂಡಿದ್ದೆ. ನೋಡಿದರೆ ನಾವಿಬ್ಬರೂ ಒಂದೇ ಕಸುಬಿನವರು. ರಶೀದ್ ಭಾಯಿ ಚಾ ತರಿಸಿದ. ಆ ಚಾದ ಸವಿ ಇನ್ನೂ ನಾಲಿಗೆಯ ಮೇಲಿದೆ.

ಇನ್ನು ಗಾಡಿಯ ಕಥೆ. ನನ್ನ ಮಗ ಚನ್ನಬಸಪ್ಪ, ಅಂದರೆ ಅಂಬಿಕಾಳ ಅಪ್ಪ, ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವವನು. ಅವನಿಗೆ ದೊಡ್ಡ ಬಿಳಿ ಎಸ್‌ಯುವಿಯೇ ಆಗಬೇಕು. "ದೋಣಿನೂ ಎಳೀತದ, ಮದಿವಿಗಿ ಹೋದ್ರ ಗೇಟಿನವ ಎದ್ದೂ ನಿಂದರ್ತಾನ" ಎಂಬುದು ಅವನ ವಾದ. ಅಂಬಿಕಾಳಿಗೆ ಟ್ರಕ್ಕಿನ ಮೇಲೆ ಕಣ್ಣು: ಮುಂದೆ ಮನೆಮಂದಿ ಕೂಡುವ ಕ್ಯಾಬಿನ್, ಹಿಂದೆ ಸಾಮಾನು ಹಾಕಲು ತೆರೆದ ತೊಟ್ಟಿ ಇರುವಂಥದ್ದು. ನೀಲಮ್ಮನ ಮಾತು ಇಬ್ಬರಿಗಿಂತ ಸಣ್ಣದು. "ಯಾವುದರ ತರ್ರಿ. ಮೀನದ ಗಾಡ್ಯಾಗ ನಾ ಕಾಲಿಡಂಗಿಲ್ಲ."

ಈ ಮಾತು ಸಣ್ಣದಾದರೂ ಅಂಬಿಕಾಳ ಎದೆಗೆ ತಾಗುತ್ತಿತ್ತು. ಏಕೆಂದು ಹೇಳುತ್ತೇನೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಊರಿಗೆ ಊರೇ ಬೀಗ ಹಾಕಿ ಹೊಲಕ್ಕೆ ಹೋಗುವ ದಿನ. ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ನಾವು ಉಣ್ಣುವ ಮೊದಲು ಬೆಳೆದು ನಿಂತ ಪೈರಿನ ಮೇಲೆ ಆ ಅಡಿಗೆಯನ್ನು ಚೆಲ್ಲುತ್ತ ಹೊಲ ಸುತ್ತುತ್ತೇವೆ. ಅದಕ್ಕೆ ಚರಗ ಎನ್ನುತ್ತೇವೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು. ನಮ್ಮ ಮನೆಯಲ್ಲಿ ಚರಗ ಚೆಲ್ಲುವುದು ನೀಲಮ್ಮನ ಕೈ. ಆ ಕೈ ತಿರುಗಿದರೆ ತೊಗರಿ ತೂಗುತ್ತದೆ ಎಂದು ಅಕ್ಕಪಕ್ಕದ ಹೊಲದವರೂ ಅವಳನ್ನು ಕರೆಯುತ್ತಾರೆ. ಅಜ್ಜಿಯನ್ನು ಆಯಿ ಎನ್ನುವ ಅಂಬಿಕಾಳ ಆಸೆ ಒಂದೇ: "ನನ್ನ ಹೊಲ ನೀರು, ಮುತ್ಯಾ. ನನ್ನ ಹೊಲಕ್ಕೂ ಆಯಿ ಚರಗ ಚೆಲ್ಲಬೇಕು." ನೇರವಾಗಿ ಕೇಳಿದಾಗ ನೀಲಮ್ಮ ಎದ್ದು ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಹುಡುಗಿ ನಗುತ್ತಲೇ ಇದ್ದಳು. ಆದರೆ ಆ ನಗು ಹಲ್ಲಿನಿಂದ ಒಳಗೆ ಹೋಗಿರಲಿಲ್ಲ.

ಕಪನೂರಿನ ಹಳೆ ಗಾಡಿಗಳ ಬಯಲಿಗೆ ಒಂದು ದಿನ ಎಲ್ಲರೂ ಹೋದೆವು. ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು ಎಂದು ನಾನು ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪು ಹಿಡಿದುಕೊಂಡಿದ್ದೆ. ಅಲ್ಲಿ ಬಿಳಿ ಎಸ್‌ಯುವಿಯೂ ಇತ್ತು, ತೊಗರಿ ಸಿಪ್ಪೆಯ ಬಣ್ಣದ ಟ್ರಕ್ಕೂ ಇತ್ತು. ಚನ್ನಬಸಪ್ಪನ ಬಲವಂತಕ್ಕೆ ನೀಲಮ್ಮನೂ ಬಂದಿದ್ದಳು. ನಾನು ಪದ್ಧತಿಯಂತೆ ಎರಡನ್ನೂ ಹಿಂದಿನಿಂದ ನೋಡಿದೆ. ಗಾಲಿಗಳ ನಡುವೆ ಬಗ್ಗಿದೆ. ಬಗ್ಗಿದರೆ ಕಾಣಲಿಲ್ಲವೆಂದು ಮಲಗಿಯೇ ಬಿಟ್ಟೆ. ಅಂಗಡಿಯ ತರುಣ ಓಡಿ ಬಂದು, "ಅಜ್ಜಾರ, ಏನು ಬಿದ್ದದ್ರೀ?" ಎಂದ.

"ಏನೂ ಬಿದ್ದಿಲ್ಲಪ್ಪಾ. ಹೊಟ್ಟಿ ನೋಡ್ಲಾಕತ್ತೀನಿ."

"ಹೊಟ್ಟಿ ಛಂದ ಅದ್ರೀ. ಪೂರಾ ಸರ್ವಿಸ್ ಆಗ್ಯಾದ" ಎಂದ ಪಾಪ, ನಗದೆ.

ರಶೀದ್ ಭಾಯಿ ಎರಡಕ್ಕೂ ಕೊಂಡಿ ಕೂಡಿಸಿ ದೋಣಿಯನ್ನು ಹೂಡಿ ಕೊಟ್ಟ. ಬಯಲಿನ ಹಿಂದೆ ನೀರಿನ ಟ್ಯಾಂಕರು ಸೋರಿ ಎರೆ ಮಣ್ಣು ಕೆಸರಾಗಿತ್ತು. ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಒಣಗಿದರೆ ಕಲ್ಲು, ನೆನೆದರೆ ಸಾಲಗಾರ, ಕಾಲು ಹಿಡಿದರೆ ಬಿಡುವುದಿಲ್ಲ. ಅಲ್ಲಿಯೇ ಹಾಯಿಸಲು ಹೇಳಿದೆ. ಎರಡೂ ಎಳೆದವು. ಎರಡೂ ನಾಲ್ಕೂ ಕಾಲು ಊರಿದವು. ಸುಳಿಯ ದೋಷ ಎರಡರಲ್ಲಿಯೂ ಇರಲಿಲ್ಲ. ಎತ್ತಿನ ಸಂತೆಯಲ್ಲಿ ನನ್ನ ವಿದ್ಯೆ ಎಂದೂ ಹೀಗೆ ಕೈಕೊಟ್ಟಿರಲಿಲ್ಲ. ಇನ್ನೊಂದು ಗುಟ್ಟು ಹೇಳಬೇಕೆಂದರೆ, ಎಸ್‌ಯುವಿಯ ಸೀಟಿನಲ್ಲಿ ಕೂತ ಕ್ಷಣಕ್ಕೆ ನಾನು ಸೋತುಹೋಗಿದ್ದೆ. ಅದು ಸೀಟಲ್ಲ, ಅವ್ವನ ತೊಡೆ. ಕೊಂಬಿನ ಬಣ್ಣಕ್ಕೆ ಮರುಳಾಗಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದ ಮುದುಕ ತಂಪು ಗಾಳಿಗೆ ಮುಖ ಒಡ್ಡಿ, "ಇದೇ ಇರಲಿ" ಎನ್ನಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ನೀಲಮ್ಮನೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ಅವಳ ಮುಖವೂ ಅರಳಿತು. ಸೀಟು ಒತ್ತಿ ನೋಡಿದಳು, ಕಿಟಕಿ ನೋಡಿದಳು. ಚನ್ನಬಸಪ್ಪ ನನ್ನ ಕಡೆ ನೋಡಿ ಗೆದ್ದ ನಗೆ ನಕ್ಕ. ಆಗ ಅವಳು ತರುಣನನ್ನು ಮೆಲ್ಲಗೆ ಕೇಳಿದಳು: "ಹೌದಪ್ಪಾ, ಮೀನದ ಬಲಿ, ಬುಟ್ಟಿ ಎಲ್ಲಿಡ್ತಾರ ಇದರಾಗ?"

"ಹಿಂದ ಭಾಳ ಜಾಗಾ ಅದ್ರೀ ಅಮ್ಮಾ. ನಿಮ್ಮ ಸೀಟಿನ ಹಿಂದೇ" ಎಂದು ಅವನು ಉತ್ಸಾಹದಿಂದ ಬಾಗಿಲು ಎತ್ತಿ ತೋರಿಸಿದ.

ನೀಲಮ್ಮ ಇಳಿದಳು. ಮೊಣಕಾಲು ನೋವಿನವಳು ಅಷ್ಟು ಬೇಗ ಇಳಿದದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಇಳಿದು ಸೆರಗು ಮೂಗಿಗೆ ಹಿಡಿದಳು. ಇನ್ನೂ ಒಂದು ಮೀನೂ ಏರದ ಗಾಡಿಗೆ.

ನನ್ನ ತಲೆಯೊಳಗೆ ದೀಪ ಹತ್ತಿದ್ದು ಆಗ. ತೊಡೆ, ಗೊರಸು, ಸುಳಿ ಎಲ್ಲ ನೋಡಿದೆ, ಮೂಗು ನೋಡಲಿಲ್ಲ. ಎತ್ತಿನ ಮೂಗಲ್ಲ, ಮನೆಯವಳ ಮೂಗು. ಟ್ರಕ್ಕಿನಲ್ಲಿ ಬಲೆ, ಬುಟ್ಟಿ, ಮೀನಿನ ಮೇವು ಎಲ್ಲ ಹಿಂದಿನ ತೊಟ್ಟಿಯಲ್ಲಿ ಗಾಳಿಗೆ ಹೋಗುತ್ತವೆ. ನಡುವೆ ಗೋಡೆ, ಗಾಜು. ಮುಂದೆ ಕೂತವರಿಗೆ ಊದಿನಕಡ್ಡಿಯ ವಾಸನೆ ಮಾತ್ರ. "ಟ್ರಕ್ಕೇ" ಎಂದೆ. ಅಂಬಿಕಾ ನನ್ನ ಕೈ ಹಿಡಿದಳು. ಚನ್ನಬಸಪ್ಪ ಬಿಳಿ ಗಾಡಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಎಪ್ಪಾ, ಗೇಟಿನವ ಇನ್ನ ಕೂತೇ ಇರತಾನ ಬಿಡು" ಎಂದ. ಕೆಂಪು ಬಾಳೆ ಅಂಗಡಿಯ ತರುಣನಿಗೆ ಕೊಟ್ಟು ಬಂದೆವು.

ಗಾಡಿ ಬಂದ ದಿನ ಅಟ್ಟದ ಮೇಲಿದ್ದ ಎತ್ತಿನ ಗೆಜ್ಜೆ ಸರ ತೆಗೆದು, ಉಜ್ಜಿ ತೊಳೆದು ಕೊಂಡಿಗೆ ಕಟ್ಟಿದೆ. ಹೊಸ ಕಾಲದ ಹುಡುಗಿ ಬೇಡ ಎಂದಾಳೆಂದು ಅಳುಕಿತ್ತು. ಅವಳು ಒಂದು ಸುತ್ತು ಓಡಿಸಿ ಬಂದು, "ಇರಲಿ ಮುತ್ಯಾ. ಗೆಜ್ಜಿ ಸಪ್ಪಳ ನಿಂತ್ರ ದೋಣಿ ಹಿಂದ ಉಳೀತು ಅಂತ ತಿಳೀತದ" ಎಂದಳು.

ದೋಣಿ ಮೊದಲ ಸಲ ನೀರಿಗೆ ಇಳಿದ ದಿನ ಒಂದು ಹೊಸ ವಿದ್ಯೆ ಕಲಿತೆ. ದೋಣಿಯನ್ನು ಎಳೆಯುವುದು ಕಷ್ಟವಲ್ಲ, ಹಿಂದಕ್ಕೆ ತಳ್ಳುವುದು ಕಷ್ಟ. ನೀರಿಗೆ ಇಳಿಸಬೇಕಾದರೆ ಗಾಡಿ ಹಿಂದೆ ಹಿಂದೆ ಹೋಗಬೇಕಲ್ಲ? ನಾನು ದಂಡೆಯ ಮೇಲೆ ನಿಂತು, ದಂಡಿನ ಸರದಾರನಂತೆ ಕೋಲು ಬೀಸಿ, "ಎಡಕ್ಕ ತಿರುವು, ಎಡಕ್ಕ" ಎಂದೆ. ಅವಳು ಎಡಕ್ಕೆ ತಿರುವಿದಳು. ದೋಣಿ ಬಲಕ್ಕೆ ಹೋಗಿ ಜಾಲಿ ಕಂಟಿಯಲ್ಲಿ ಬಾಲ ಸಿಕ್ಕಿಸಿಕೊಂಡಿತು. "ಬಲಕ್ಕ" ಎಂದೆ. ಎಡಗಡೆ ಮೇಯುತ್ತಿದ್ದ ಕುರಿಗಳು ದಿಕ್ಕಾಪಾಲಾದವು. ಕುರಿ ಕಾಯುವವನು, "ಮುತ್ಯಾ, ನೀವು ಸುಮ್ಮ ಕೂಡ್ರಿ, ದೋಣಿ ತಾನೇ ಇಳೀತದ" ಎಂದ. ಅಂಬಿಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕಳು: "ಇದು ಹಿಂಗೇ ಮುತ್ಯಾ. ದೋಣಿ ಬಲಕ್ಕ ಹೋಗ್ಬೇಕಂದ್ರ ನಾವು ಎಡಕ್ಕ ತಿರುವಬೇಕು. ಅದೂ ಭಾಳ ಅಲ್ಲ, ಸ್ವಲ್ಪೇ ಸ್ವಲ್ಪು." ಹಾಗೆ ಮಾಡಿದಳು. ದೋಣಿ ಹಸುಗೂಸನ್ನು ತೊಟ್ಟಿಲಿಗೆ ಇಳಿಸಿದಂತೆ ನೀರಿಗೆ ಇಳಿಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅದನ್ನೇ ಮೆಲುಕು ಹಾಕಿದೆ. ನೀಲಮ್ಮನ ಜೊತೆ ಇಷ್ಟು ವರ್ಷ ಬಾಳಿ ನಾನು ಇದನ್ನು ಕಂಡುಕೊಳ್ಳಲಿಲ್ಲವಲ್ಲ. "ಬಾ" ಎಂದಷ್ಟೂ ಅವಳು ಹಿಂದೆ ಸರಿಯುತ್ತಿದ್ದಳು. ಗಾಡಿ ತಂದರೂ ಮಾತು ಬದಲಿಸಿರಲಿಲ್ಲ: ವಾಸನೆ ಹಿಂದೆಯೇ ಇರಲಿ, ಗಾಡಿ ಮೀನಿನದೇ ಅಲ್ಲವೆ? ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಬುಟ್ಟಿಗಳು ಸಿದ್ಧವಾದವು, ಭಜ್ಜಿಯ ಘಮ ಓಣಿ ತುಂಬಿತು. ನೀಲಮ್ಮ ಎಂದಿನಂತೆ ನೆರೆಯವರ ಟಂಟಂ ಆಟೋದಲ್ಲಿ ಹೊಲಕ್ಕೆ ಬರುತ್ತೇನೆ, ಅಲ್ಲಿಂದಲೇ ಮನೆಗೆ ಮರಳುತ್ತೇನೆ, ನೀರಿನ ಕಡೆ ಹೆಸರೆತ್ತಬೇಡಿ ಎಂದಳು. ನಾನು ಎಡಕ್ಕೆ ತಿರುವಿದೆ. ಸ್ವಲ್ಪೇ ಸ್ವಲ್ಪ.

"ಹಂಗೇ ಮಾಡು" ಎಂದೆ. "ಮುಂದಿನ ಸೀಟು ಖಾಲಿನೇ ಅದ. ಬೀಗತಿ ಬರ್ತೀನಂದಾಳ. ನೀರಿಗೆ ಚರಗಾನೂ ಆಕೀನೇ ಚೆಲ್ಲಲಿ. ಆಕಿ ಕೈನೂ ಛಲೋ ಅದ ಅಂತಾರ."

ಬೀಗತಿ ಎಂದರೆ ಚನ್ನಬಸಪ್ಪನ ಅತ್ತೆ. ಬಂಗಾರದಂಥ ಹೆಂಗಸು, ಆದರೆ ನೀಲಮ್ಮನಿಗೂ ಅವಳಿಗೂ ಹೋಳಿಗೆಯ ಹದದ ವಿಷಯದಲ್ಲಿ ಮೊದಲಿನಿಂದಲೂ ತಕರಾರು. ನೀಲಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. ಬುಟ್ಟಿ ಎತ್ತಿಕೊಂಡು ಹೋಗಿ, ಗಾಡಿಯ ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಅಂಬಿಕಾ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ನಗು ನುಂಗುತ್ತಿದ್ದಳು.

ಹೊಲದಲ್ಲಿ ಚರಗ ಮುಗಿಯಿತು. ಅಲ್ಲಿಂದ ಇಳಿದರೆ ಹಿನ್ನೀರು. ನೀಲಮ್ಮ ದಂಡೆಯವರೆಗೆ ಬಂದು ನಿಂತಳು. ದೋಣಿ ಹತ್ತಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಜ್ಜೆ ಕಡಬು ಮುರಿದು, ಭಜ್ಜಿಯಲ್ಲಿ ಹೊರಳಿಸಿ, ಪೈರಿಗೆ ಚೆಲ್ಲುವಂತೆಯೇ ಕೈ ತಿರುಗಿಸಿ ನೀರಿಗೆ ಚೆಲ್ಲಿದಳು. ಚೆಲ್ಲಿದ್ದೇ ತಡ, ನೀರು ಕುದಿಯಿತು. ನೂರಾರು ಬಾಯಿಗಳು ಮೇಲೆ ಬಂದವು, ಬಾಲ ಬಡಿದವು, ಬಿಸಿಲಿಗೆ ಮಿಂಚಿದವು. ತೊಗರಿ ಗಿಡ ಎಂದೂ ಹೀಗೆ ಬಾಯಿ ತೆರೆದು ತಿಂದಿರಲಿಲ್ಲ.

ನೀಲಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮೂರು ಹೆಜ್ಜೆ ಮುಂದೆ ಬಂದಳು. "ಅಯ್ಯ ನನ ಶಿವನೇ, ಇವೂ ಕಡಬು ತಿಂತಾವೇನು?"

"ನೀ ಮಾಡಿದ್ದು ಯಾರ ಬಿಡ್ತಾರ ಆಯಿ?" ಎಂದಳು ಅಂಬಿಕಾ.

ಇನ್ನೊಂದು ಕಡಬು ಹೋಯಿತು. ನಮಗೆಂದು ಇಟ್ಟಿದ್ದ ಪಾಲಿಗೂ ಕೈ ಹೋಯಿತು. ಚೆಲ್ಲುತ್ತ ಚೆಲ್ಲುತ್ತ, ನೀರಿನ ಕಡೆಯೇ ನೋಡುತ್ತ ಕೇಳಿದಳು: "ಇವನ್ನೆಲ್ಲ ಹಿಡದು ಮಾರತಿ?"

ಅಂಬಿಕಾಳ ನಗು ನಿಂತಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಹೌದು ಆಯಿ. ಬೆಳದ ಮ್ಯಾಲ ಮಾರತೀನಿ."

ಗಾಳಿಗೆ ಗೆಜ್ಜೆ ಒಂದು ಸಲ ಸಣ್ಣಗೆ ಆಡಿತು. ನೀಲಮ್ಮ ಕೈಯಲ್ಲಿದ್ದ ಕೊನೆಯ ತುಣುಕನ್ನು ದೂರಕ್ಕೆ, ದೊಡ್ಡವುಗಳ ನಡುವೆ ಬರಲಾಗದೆ ಹಿಂದೆಯೇ ಉಳಿದಿದ್ದ ಸಣ್ಣ ಮೀನುಗಳ ಕಡೆಗೆ ಎಸೆದಳು. ಕೈ ತೊಳೆದುಕೊಂಡಳು. "ಮಾರೋ ದಿನ ನನಗ ಹೇಳಬ್ಯಾಡ" ಎಂದಳು. "ಚರಗದ ದಿನ ಮಾತ್ರ ಕರಿ. ವರ್ಷಾ ವರ್ಷಾ ಬರತೀನಿ."

ಹುಡುಗಿ ಅಜ್ಜಿಯನ್ನು ಹಿಂದಿನಿಂದ ಅಪ್ಪಿಕೊಂಡಳು. ನನ್ನ ಕಣ್ಣಿಗೆ ಏನೋ ಬಿತ್ತು, ಎರೆ ಹೊಲದಲ್ಲಿ ಧೂಳು ಜಾಸ್ತಿ.

ಮರಳುವಾಗ ಮುಂದಿನ ಸೀಟು ನೀಲಮ್ಮನದು, ಹಿಂದಿನದು ಮಗ, ಸೊಸೆ ಮತ್ತು ನಾನು ಸುಮ್ಮನೆ ಹೆಸರು ಹೇಳಿದ್ದರೂ ನಿಜವಾಗಿಯೂ ಹೊಲಕ್ಕೆ ಬಂದುಬಿಟ್ಟಿದ್ದ ಬೀಗತಿಯದು. ಗಾಡಿ ಆರಿಸಿದವನಿಗೆ ಹೊಲದ ದಾರಿ ಮುಗಿದು ಡಾಂಬರು ಸಿಗುವವರೆಗೆ ಬಲೆಗಳ ಜೊತೆ ತೊಟ್ಟಿಯೇ ಗತಿಯಾಯಿತು. ಹತ್ತುವಾಗ ನೀಲಮ್ಮ ಗಾಜು ಇಳಿಸಿ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಎಡಕ್ಕ ತಿರುವಿ ಬಲಕ್ಕ ಕರಕೊಂಡು ಬಂದ್ರಿ. ನನಗೇನು ತಿಳೀದಿಲ್ಲಂತ ಮಾಡೀರೇನು? ಅಂಬೂ ದೋಣಿ ಇಳಿಸಿದ್ದು ನನಗೂ ಹೇಳ್ಯಾಳ." ಹೇಳಿ, ಗಾಜು ಏರಿಸಿದಳು.

ನಾನು ಬಲೆಗೆ ಒರಗಿ, ಬಂದ ದಾರಿಗೆ ಮುಖ ಮಾಡಿ ಕೂತೆ. ಎದುರಿಗೆ ದೋಣಿ, ಹಾಲು ಕುಡಿದ ಕರುವಿನಂತೆ ತಲೆ ಅಲ್ಲಾಡಿಸುತ್ತ ನನ್ನನ್ನೇ ನೋಡುತ್ತ ಬರುತ್ತಿತ್ತು. ಗೆಜ್ಜೆ ಸದ್ದು ಮಾಡುತ್ತಿತ್ತು, ಅಂದರೆ ಯಾರೂ ಹಿಂದೆ ಉಳಿದಿರಲಿಲ್ಲ. ದೋಣಿ ಎಳೆಯಲು ಗಾಡಿ ತಂದರು ಎಂದು ಓಣಿಯವರು ಹೇಳುತ್ತಾರೆ. ಈಗ ಕಟ್ಟೆಗೆ ಬಂದು ಕೇಳುವವರಿಗೆ ನಾನು ಎಂಜಿನ್ನಿನ ಮಾತು ಎತ್ತುವುದೇ ಇಲ್ಲ. ಎಷ್ಟು ಎಳೆಯುತ್ತದೆ ಎಂದು ಆಮೇಲೆ ನೋಡು ತಮ್ಮಾ, ಮೊದಲು ಮುಂದಿನ ಸೀಟಿನಲ್ಲಿ ಯಾರನ್ನು ಕೂಡಿಸಬೇಕು ಅಂತ ಮಾಡೀದಿ, ಅದನ್ನು ಹೇಳು, ಎನ್ನುತ್ತೇನೆ.